ಇಂದಿನ ಧಮ್ಮ ಚಿಂತನೆ: ದಾರಿ ತೋರಿದವರು ಹೋದ ಮೇಲೆ

ನಮ್ಮ ಕೇರಿಗಳಲ್ಲಿ, ವಿಹಾರಗಳಲ್ಲಿ, ಅಧ್ಯಯನ ಬಳಗಗಳಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ. "ಬಾಬಾಸಾಹೇಬರು ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ನಮ್ಮ ಸ್ಥಿತಿಯೇ ಬೇರೆ ಇರುತ್ತಿತ್ತು." ಈ ಮಾತಿನಲ್ಲಿ ನೋವಿದೆ. ನಿಜವೂ ಇದೆ. ಆದರೆ ಇದರೊಳಗೆ ಒಂದು ಅಪಾಯವೂ ಅಡಗಿದೆ. ದಾರಿ ತೋರುವವರು ಹೋದರು, ಅವರ ಜೊತೆ ದಾರಿಯೂ ಹೋಯಿತು ಎಂದುಕೊಂಡು ಕೈಚೆಲ್ಲಿ ಕೂರುವ ಅಪಾಯ ಅದು.

ದಾರಿ ತೋರುವವರ ಕೆಲಸ ಯಾವುದು, ನಡೆಯುವವರ ಕೆಲಸ ಯಾವುದು? ಇಂದು ಇದನ್ನು ಒಂದು ದೂರದ ದ್ವೀಪದ ಕಾಲುದಾರಿಯನ್ನು ಮುಂದಿಟ್ಟುಕೊಂಡು ಯೋಚಿಸೋಣ. ಸ್ವಲ್ಪ ಉದ್ದವಾಗಿದೆ, ನಿಧಾನವಾಗಿ ಓದಿ.

*1. ನಾಲ್ಕು ದಿನದ ನಡಿಗೆ*

ಆಸ್ಟ್ರೇಲಿಯಾದ ದಕ್ಷಿಣಕ್ಕೆ, ಬಾಸ್ ಜಲಸಂಧಿಯ ಆಚೆ ಟಾಸ್ಮೇನಿಯಾ ಎಂಬ ದ್ವೀಪವಿದೆ. ಒಂದು ಕಾಲದಲ್ಲಿ ಅದು ಆಸ್ಟ್ರೇಲಿಯಾಕ್ಕೆ ಅಂಟಿಕೊಂಡೇ ಇತ್ತು. ಹಿಮಯುಗ ಮುಗಿದು ಸಮುದ್ರ ಮೇಲೇರಿದಾಗ, ಸುಮಾರು 10,000 ವರ್ಷಗಳ ಹಿಂದೆ, ನೆಲ ಮುಳುಗಿ ದ್ವೀಪವಾಯಿತು. ಅಲ್ಲಿನ ಮೂಲನಿವಾಸಿಗಳು ಅದಕ್ಕಿಂತ ಬಹಳ ಮೊದಲೇ, ಸುಮಾರು 40,000 ವರ್ಷಗಳ ಹಿಂದೆಯೇ ಅಲ್ಲಿ ನೆಲೆಸಿದ್ದರು. ಇಂದು ಅವರು ತಮ್ಮನ್ನು ಪಲವಾ ಎಂದು ಕರೆದುಕೊಳ್ಳುತ್ತಾರೆ.

ಆ ದ್ವೀಪದ ಈಶಾನ್ಯ ಮೂಲೆಯ ಕಡಲ ಕಾಡಿನಲ್ಲಿ 2018ರಿಂದ ಒಂದು ಕಾಲ್ನಡಿಗೆ ನಡೆಯುತ್ತಿದೆ. ಅದರ ಹೆಸರು ವುಕಲಿನಾ ನಡಿಗೆ. ನಾಲ್ಕು ದಿನ, ಮೂರು ರಾತ್ರಿ. ಇದನ್ನು ನಡೆಸುವವರು ಪಲವಾ ಸಮುದಾಯದವರೇ, ದಾರಿ ತೋರುವವರೂ ಅವರೇ. ಬೇರೆ ಬೇರೆ ಊರುಗಳಿಂದ ಬಂದವರು ಸಣ್ಣ ಗುಂಪಾಗಿ ಅವರ ಜೊತೆ ಹೆಜ್ಜೆ ಹಾಕುತ್ತಾರೆ.

ಮೊದಲು ವುಕಲಿನಾ ಗುಡ್ಡವನ್ನು ಹತ್ತುತ್ತಾರೆ. ಎತ್ತರ 216 ಮೀಟರ್ ಮಾತ್ರ. ಬ್ರಿಟಿಷರು ಇದಕ್ಕೆ ಮೌಂಟ್ ವಿಲಿಯಂ ಎಂದು ಹೆಸರಿಟ್ಟಿದ್ದರು. ಮೇಲಿನಿಂದ ಬಿಳಿ ಮರಳಿನ ದಂಡೆ ಉದ್ದಕ್ಕೂ ಕಾಣುತ್ತದೆ. ಮೋಡವಿಲ್ಲದ ದಿನ ಉತ್ತರದಲ್ಲಿ, ಕಡಲಿನ ನಡುವೆ, ಫರ್ನೋ ದ್ವೀಪಗಳು ಕಾಣುತ್ತವೆ. ಆ ದ್ವೀಪಗಳ ವಿಷಯಕ್ಕೆ ಆಮೇಲೆ ಬರೋಣ.

ಗುಡ್ಡ ಇಳಿದ ಮೇಲೆ ಕುರುಚಲು ಕಾಡು. ಬ್ಯಾಂಕ್ಸಿಯಾ ಗಿಡಗಳು, ನಮ್ಮ ಕರಾವಳಿಯ ಗಾಳಿಮರದ ಬಳಗಕ್ಕೆ ಸೇರಿದ ಮರಗಳು, ನೀಲಗಿರಿಯ ಜಾತಿಯ ಮರಗಳು. ನಮ್ಮ ಊಟಿಯ ಬೆಟ್ಟಗಳಿಗೆ ಬ್ರಿಟಿಷರು ತಂದು ನೆಟ್ಟ ನೀಲಗಿರಿ ಮರದ ತವರುಗಳಲ್ಲಿ ಟಾಸ್ಮೇನಿಯಾವೂ ಒಂದು. ಕಾಂಗರೂಗಳು ಹುಲ್ಲಿನಲ್ಲಿ ಮೇಯುತ್ತಿರುತ್ತವೆ. ದಂಡೆಯ ಬಂಡೆಗಳ ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವು ಬೆಳೆದಿರುತ್ತದೆ.

ಮೊದಲ ಎರಡು ರಾತ್ರಿ ತಂಗುವ ಜಾಗ ಕ್ರಕನಿ ಲುಮಿ. ಪಲವಾ ನುಡಿಯಲ್ಲಿ ವಿಶ್ರಾಂತಿಯ ತಾಣ ಎಂದು ಅರ್ಥ. ಅಲ್ಲಿನ ಗುಡಿಸಲುಗಳು ಹೊರಗಿನಿಂದ ನೋಡಿದರೆ ಸುಟ್ಟ ಮರದ ಕಪ್ಪು ಪೆಟ್ಟಿಗೆಗಳಂತೆ ಗಿಡಗಳ ನಡುವೆ ಮರೆಯಾಗಿರುತ್ತವೆ. ತೆರೆದರೆ ಒಳಗೆ ಅರ್ಧ ಗುಮ್ಮಟ, ಹಿರಿಯರು ಕಟ್ಟುತ್ತಿದ್ದ ದುಂಡು ಗುಡಿಸಲಿನ ಆಕಾರ. ಕೊನೆಯ ರಾತ್ರಿ ಲಾರಪುನಾ ಎಂಬ ಭೂಶಿರದಲ್ಲಿ. ಅಲ್ಲಿ 1889ರಲ್ಲಿ ಕಟ್ಟಿದ ಗ್ರಾನೈಟ್ ದೀಪಸ್ತಂಭವಿದೆ. ಅದನ್ನು ಕಾಯುತ್ತಿದ್ದವರ ಮನೆಯಲ್ಲೇ ಈಗ ತಂಗುವ ವ್ಯವಸ್ಥೆ.

*2. ಜೊತೆಗಿರುವವರು ಏನು ಮಾಡುತ್ತಾರೆ?*

ಆ ದಾರಿಯಲ್ಲಿ ಒಂಟಿಯಾಗಿ ಹೋದವರಿಗೆ ಕಾಣುವುದು ಮರಳು, ಗಿಡ, ಬಂಡೆ. ಗೊತ್ತಿದ್ದವರು ಜೊತೆಗಿದ್ದರೆ ಅದೇ ಗಿಡ ಔಷಧಿಯಾಗುತ್ತದೆ, ಅದೇ ಎಲೆ ಊಟವಾಗುತ್ತದೆ. ದಂಡೆಯಲ್ಲಿ ಅಲ್ಲಲ್ಲಿ ಚಿಪ್ಪುಗಳ ದಿಬ್ಬಗಳಿವೆ. ಗೊತ್ತಿಲ್ಲದವರು ಕಸ ಎಂದುಕೊಂಡು ತುಳಿದು ಹೋಗುತ್ತಾರೆ. ಅವು ಪಲವಾ ಹಿರಿಯರು ತಲೆಮಾರುಗಳ ಕಾಲ ಅಲ್ಲಿ ಕುಳಿತು ಚಿಪ್ಪಿನ ಜೀವಿಗಳನ್ನು ಬೇಯಿಸಿ ತಿಂದು ಬಿಟ್ಟ ಗುರುತು. ಕಾಗದದ ಮೇಲೆ ಬರೆಯದ ಒಂದು ಚರಿತ್ರೆ ಅದು.

ದಾರಿ ತೋರುವವರು ಹೆಸರು ಹೇಳುತ್ತಾರೆ, ಗುರುತು ತೋರಿಸುತ್ತಾರೆ, ಅಪಾಯ ಎಲ್ಲಿದೆ ಎಂದು ಎಚ್ಚರಿಸುತ್ತಾರೆ. ಆದರೆ ಯಾರನ್ನೂ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸುವುದಿಲ್ಲ. ಕಾಲು ನಡೆಯುವವರದ್ದೇ. ಬೆವರೂ ಅವರದ್ದೇ.

ಇಲ್ಲಿ ಭಗವಾನ್ ಬುದ್ಧರ ಒಂದು ಪ್ರಸಂಗ ನೆನಪಾಗುತ್ತದೆ. ಶ್ರಾವಸ್ತಿಯಲ್ಲಿ ಮೊಗ್ಗಲ್ಲಾನ ಎಂಬ ಲೆಕ್ಕಿಗ ಬ್ರಾಹ್ಮಣ ಬುದ್ಧರನ್ನು ಕೇಳಿದ: ನಿಮ್ಮ ಬೋಧನೆ ಕೇಳಿದ ಎಲ್ಲ ಶಿಷ್ಯರೂ ಗುರಿ ಮುಟ್ಟುತ್ತಾರೆಯೇ? ಕೆಲವರು ಮುಟ್ಟುತ್ತಾರೆ, ಕೆಲವರು ಇಲ್ಲ ಎಂದರು ಬುದ್ಧರು. ಗುರಿ ಇದೆ, ದಾರಿ ಇದೆ, ತೋರಿಸಲು ನೀವೂ ಇದ್ದೀರಿ, ಆದರೂ ಹೀಗೇಕೆ ಎಂದು ಅವನ ಪ್ರಶ್ನೆ. ಆಗ ಬುದ್ಧರು ತಿರುಗಿ ಅವನನ್ನೇ ಕೇಳಿದರು: ರಾಜಗೃಹಕ್ಕೆ ಹೋಗುವ ದಾರಿ ನಿನಗೆ ಗೊತ್ತಲ್ಲ, ಇಬ್ಬರಿಗೆ ಅದನ್ನು ಹೇಳಿದೆ ಎಂದುಕೋ, ಈ ಹಳ್ಳಿ ಸಿಗುತ್ತದೆ, ಆಮೇಲೆ ಆ ಪಟ್ಟಣ ಎಂದೆಲ್ಲ ವಿವರಿಸಿದೆ, ಒಬ್ಬ ಸರಿಯಾಗಿ ತಲುಪಿದ, ಇನ್ನೊಬ್ಬ ತಪ್ಪು ದಾರಿ ಹಿಡಿದ, ಇದರಲ್ಲಿ ನಿನ್ನ ಪಾತ್ರವೇನು? ಮೊಗ್ಗಲ್ಲಾನ ಹೇಳಿದ: ನಾನೇನು ಮಾಡಲಿ, ನಾನು ದಾರಿ ಹೇಳುವವನಷ್ಟೇ. ತಥಾಗತನೂ ಅಷ್ಟೇ, ದಾರಿ ತೋರುವವನು ಎಂದರು ಬುದ್ಧರು.

ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈ ಪ್ರಸಂಗಕ್ಕೆ ಬಹಳ ಮುಖ್ಯವಾದ ಜಾಗ ಕೊಟ್ಟಿದ್ದಾರೆ. ಬುದ್ಧರು *ಮಾರ್ಗದಾತ*, *ಮೋಕ್ಷದಾತ* ಅಲ್ಲ ಎಂಬ ವ್ಯತ್ಯಾಸವನ್ನು ನಮಗೆ ಸ್ಪಷ್ಟ ಮಾಡಿಕೊಟ್ಟವರು ಅವರು. ನನ್ನನ್ನು ನಂಬು, ನಾನು ನಿನ್ನನ್ನು ಪಾರು ಮಾಡುತ್ತೇನೆ ಎನ್ನುವುದು ಮೋಕ್ಷದಾತನ ಮಾತು. ಇಗೋ ದಾರಿ, ನೀನೇ ನಡೆದು ನೋಡು ಎನ್ನುವುದು ಮಾರ್ಗದಾತನ ಮಾತು.

*3. ಪಾರು ಮಾಡುತ್ತೇನೆ ಎಂದು ಬಂದವನು*

ಈ ವ್ಯತ್ಯಾಸ ಬರೀ ತತ್ತ್ವದ ಮಾತಲ್ಲ. ಅದೇ ಕಡಲ ದಂಡೆಯಲ್ಲಿ ಇದಕ್ಕೆ ಜನ ಪ್ರಾಣ ತೆತ್ತಿದ್ದಾರೆ.

1773ರಲ್ಲಿ ಟೋಬಿಯಾಸ್ ಫರ್ನೋ ಎಂಬ ಇಂಗ್ಲಿಷ್ ನಾವಿಕ ಹಡಗಿನಿಂದ ನೋಡಿದಾಗ ದಂಡೆಯುದ್ದಕ್ಕೂ ಬೆಂಕಿ ಉರಿಯುತ್ತಿತ್ತು. ಆತ ಅದಕ್ಕೆ ಬೆಂಕಿಗಳ ಕೊಲ್ಲಿ ಎಂದು ಹೆಸರಿಟ್ಟ. ಭೂಪಟದಲ್ಲಿ ಇಂದಿಗೂ ಅದೇ ಹೆಸರಿದೆ. ಉರಿಯುತ್ತಿದ್ದದ್ದು ಪಲವಾ ಜನರ ಬೆಂಕಿ. 1803ರಲ್ಲಿ ಬ್ರಿಟಿಷರು ಬಂದು ನೆಲೆಯೂರಿದರು. ನೆಲ ಕಿತ್ತುಕೊಂಡರು, ಜನರನ್ನು ಕೊಂದರು, ಹೆಂಗಸರನ್ನು ಹೊತ್ತೊಯ್ದರು.

1830ರ ಹೊತ್ತಿಗೆ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಎಂಬುವನು ಸರ್ಕಾರದ ಪರವಾಗಿ ಹೊರಟ. ನಾನು ನಿಮ್ಮ ಗೆಳೆಯ, ನಿಮ್ಮನ್ನು ಕಾಪಾಡುತ್ತೇನೆ ಎಂದ. ಗಮನಿಸಿ, ಆ ದ್ವೀಪದಲ್ಲಿ ಅವನಿಗೆ ದಾರಿ ತೋರಿಸಿದವರು ಪಲವಾ ಜನರೇ. ಅವರಲ್ಲಿ ಟ್ರುಗನಿನಿ ಎಂಬ ತರುಣಿ ಇದ್ದಳು. ಇದೇ ಈಶಾನ್ಯ ಕರಾವಳಿಯ ಮುಖಂಡ ಮನ್ನಲರ್ಗೆನ್ನಾ ಕೂಡ ಇದ್ದರು. ಹೋರಾಟ ನಿಲ್ಲಿಸಿದರೆ ನಿಮ್ಮ ನಿಮ್ಮ ನೆಲದಲ್ಲೇ ಇರಬಹುದು ಎಂದು 1831ರಲ್ಲಿ ರಾಬಿನ್ಸನ್ ಮನ್ನಲರ್ಗೆನ್ನಾ ಅವರಿಗೆ ಭರವಸೆ ಕೊಟ್ಟ.

ಆ ಭರವಸೆ ಉಳಿಯಲಿಲ್ಲ. ಸುಮಾರು 200 ಜನರನ್ನು ಫ್ಲಿಂಡರ್ಸ್ ದ್ವೀಪದ ವೈಬಲೆನ್ನಾ ಎಂಬ ಶಿಬಿರಕ್ಕೆ ಸಾಗಿಸಿದರು. ವುಕಲಿನಾ ಗುಡ್ಡದ ಮೇಲಿನಿಂದ ಕಾಣುವ ದ್ವೀಪಗಳ ಗುಂಪಿಗೆ ಸೇರಿದ ದ್ವೀಪ ಅದು. ಅಲ್ಲಿ ಅವರ ಹೆಸರು ಬದಲಿಸಿದರು, ಬಟ್ಟೆ ಬದಲಿಸಿದರು, ಪ್ರಾರ್ಥನೆ ಕಲಿಸಿದರು. ರೋಗ ಮತ್ತು ಕೊರಗಿನಿಂದ ಒಬ್ಬೊಬ್ಬರಾಗಿ ಸತ್ತರು. ಮನ್ನಲರ್ಗೆನ್ನಾ 1835ರಲ್ಲಿ ಅಲ್ಲೇ ತೀರಿಕೊಂಡರು. ಉಳಿದವರು 1846ರಲ್ಲಿ ವಿಕ್ಟೋರಿಯಾ ರಾಣಿಗೆ ಮನವಿ ಪತ್ರ ಬರೆದರು. ನಾವು ಸೆರೆಯಾಳುಗಳಲ್ಲ, ಸ್ವತಂತ್ರ ಜನ ಎಂಬುದು ಅದರ ಸಾರ. ಮರುವರ್ಷ ಶಿಬಿರ ಮುಚ್ಚಿದಾಗ ಬದುಕಿದ್ದವರು 47 ಮಂದಿ.

1876ರಲ್ಲಿ ಟ್ರುಗನಿನಿ ತೀರಿಕೊಂಡಾಗ ಈ ಜನಾಂಗವೇ ಮುಗಿಯಿತು ಎಂದು ಸಾರಿದರು. ಆಕೆಯ ಅಸ್ಥಿಪಂಜರವನ್ನು ವಸ್ತುಸಂಗ್ರಹಾಲಯದಲ್ಲಿ ನೋಡುವ ವಸ್ತುವಾಗಿ ಇಟ್ಟರು. ಅದನ್ನು ಸುಟ್ಟು ಬೂದಿಯನ್ನು ಆಕೆಯ ಸಮುದ್ರಕ್ಕೆ ಒಪ್ಪಿಸಿದ್ದು 1976ರಲ್ಲಿ, ಪೂರ್ತಿ ನೂರು ವರ್ಷಗಳ ಮೇಲೆ.

ಪಾರು ಮಾಡುತ್ತೇನೆ, ನನ್ನ ಹಿಂದೆ ಬಾ ಎನ್ನುವವರು ಸಿಕ್ಕಾಗ ನಾವು ಏಕೆ ಎರಡು ಸಲ ಯೋಚಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಕಾಪಾಡಲು ಬಂದವನು ಕೇಳಿದ್ದು ಅವರ ದಾರಿ, ಅವರ ನೆಲ, ಅವರ ಹೆಸರು. ಮಾರ್ಗದಾತ ನಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ನಮ್ಮ ಪ್ರಯತ್ನವನ್ನು ಮಾತ್ರ ಕೇಳುತ್ತಾನೆ.

*4. ಮುಗಿದುಹೋದರು ಎಂದವರ ಮೊಮ್ಮಕ್ಕಳು*

ಮುಗಿದುಹೋಯಿತು ಎಂಬುದು ಸುಳ್ಳಾಗಿತ್ತು. ಆ ಫರ್ನೋ ದ್ವೀಪಗಳಲ್ಲಿ ಪಲವಾ ಹೆಂಗಸರ ಸಂತತಿ ಬದುಕಿತ್ತು. ಮನ್ನಲರ್ಗೆನ್ನಾ ಅವರ ಹೆಣ್ಣುಮಕ್ಕಳ ಪೀಳಿಗೆಯೂ ಅದರಲ್ಲಿತ್ತು. ಸರ್ಕಾರದ ಕಾಗದದಲ್ಲಿ ಅವರು ಇರಲಿಲ್ಲ. ದಂಡೆಯ ಮೇಲೆ ಮಾತ್ರ ಇದ್ದರು.

ಅವರ ಬಳಿ ಶಾಸನ ಇರಲಿಲ್ಲ, ಪುಸ್ತಕ ಇರಲಿಲ್ಲ, ಮುಖಂಡರು ಉಳಿದಿರಲಿಲ್ಲ. ಅಜ್ಜಿಯ ಪಕ್ಕ ಮೊಮ್ಮಗಳು ಕೂತು ಮಿನುಗುವ ಸಣ್ಣ ಕಡಲ ಚಿಪ್ಪುಗಳನ್ನು ಆರಿಸುವುದು, ತೊಳೆಯುವುದು, ತೂತು ಮಾಡಿ ಸರ ಪೋಣಿಸುವುದು ಕಲಿತಳು. ಒಂದು ತಲೆಮಾರೂ ಬಿಡದೆ ಆ ಸರ ಪೋಣಿಸುವ ವಿದ್ಯೆ ಇಂದಿನವರೆಗೆ ಬಂದಿದೆ. ನುಡಿ ಬಹುಪಾಲು ಕಳೆದುಹೋಗಿತ್ತು. 1990ರ ದಶಕದಿಂದ ಹಳೆಯ ದಾಖಲೆಗಳಲ್ಲಿ ಉಳಿದಿದ್ದ ಪದಗಳನ್ನು ಒಟ್ಟುಮಾಡಿ ಪಲವಾ ಕಾನಿ ಎಂಬ ನುಡಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ವುಕಲಿನಾ, ಲಾರಪುನಾ ಎಂಬ ಹೆಸರುಗಳು ಮತ್ತೆ ಬಾಯಿಗೆ ಬಂದದ್ದು ಹೀಗೆ.

ಈಗ ಆ ದೀಪಸ್ತಂಭವನ್ನು ನೆನಪಿಸಿಕೊಳ್ಳಿ. ಈ ಜನ ಇಲ್ಲವೇ ಇಲ್ಲ ಎಂದು ಸಾರಿ 13 ವರ್ಷವಾದ ಮೇಲೆ ಅವರ ನೆಲದಲ್ಲಿ ಕಟ್ಟಿದ್ದು ಅದು. ಇಂದು ಅದರ ಬುಡದಲ್ಲಿ, ಕಾವಲುಗಾರರ ಮನೆಯಲ್ಲಿ, ಇಲ್ಲ ಎನಿಸಿಕೊಂಡವರ ಮೊಮ್ಮಕ್ಕಳು ಮನೆಯವರಾಗಿ ನಿಂತು ಲೋಕದ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದಾರೆ. ನಮ್ಮ ಅಜ್ಜ ಅಜ್ಜಿಯರು ಊರ ದಾರಿಯಲ್ಲಿ ಬದಿಗೆ ಸರಿದು ನಿಲ್ಲಬೇಕಿತ್ತು. ಹಾಗಾಗಿ ದಾರಿ ತೋರುವವರ ಸ್ಥಾನದಲ್ಲಿ ತಾವೇ ನಿಲ್ಲುವುದು ಎಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

*5. ಹಕ್ಕಿಮರಿಯ ದಾರಿ, ಮನುಷ್ಯರ ದಾರಿ*

ಆ ಕಡಲಿನಲ್ಲಿ ಒಂದು ಹಕ್ಕಿಯಿದೆ. ಇಂಗ್ಲಿಷಿನವರು ಮಟನ್‌ಬರ್ಡ್ ಎನ್ನುತ್ತಾರೆ, ಪಲವಾ ಜನ ಯುಲಾ ಎನ್ನುತ್ತಾರೆ. ತಲೆಮಾರುಗಳಿಂದ ಅದು ಅವರ ಆಹಾರವೂ ಹೌದು. ಬಡವರ ತಟ್ಟೆ ನೋಡಿ ಮೂಗು ಮುರಿಯುವವರನ್ನು ನಾವು ಚೆನ್ನಾಗಿ ಬಲ್ಲೆವು, ಆ ಕೆಲಸ ನಾವು ಮಾಡುವುದು ಬೇಡ.

ಈ ಹಕ್ಕಿ ಮರಳಿನ ಬಿಲದಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಏಪ್ರಿಲ್ ನಡುವಿನ ಹೊತ್ತಿಗೆ ತಾಯಿ ತಂದೆ ಹಕ್ಕಿಗಳು ಮರಿಯನ್ನು ಬಿಟ್ಟು ಉತ್ತರಕ್ಕೆ, ಅಲಾಸ್ಕಾದ ಕಡೆಯ ಸಮುದ್ರಕ್ಕೆ ಹಾರಿಹೋಗುತ್ತವೆ. ಸುಮಾರು 15,000 ಕಿಲೋಮೀಟರ್ ದೂರ. ಎರಡು ಮೂರು ವಾರದ ಮೇಲೆ ಮರಿ ಬಿಲದಿಂದ ಹೊರಬಂದು, ದಾರಿ ತೋರುವ ದೊಡ್ಡವರು ಯಾರೂ ಇಲ್ಲದೆ, ಎಂದೂ ನೋಡದ ಆ ಸಮುದ್ರಕ್ಕೇ ಹಾರುತ್ತದೆ.

ಹಕ್ಕಿಗೆ ದಾರಿ ಹುಟ್ಟಿನಿಂದಲೇ ಬರುತ್ತದೆ. ಮನುಷ್ಯರಿಗೆ ಹಾಗಲ್ಲ. ಜ್ಞಾನವೂ ಯೋಗ್ಯತೆಯೂ ಹುಟ್ಟಿನಿಂದ ಬರುತ್ತವೆ ಎಂದು ಹೇಳಿದವರೇ ನಮ್ಮನ್ನು ಸಾವಿರಾರು ವರ್ಷ ಹೊರಗಿಟ್ಟವರು. ಬುದ್ಧರು ಅದನ್ನು ಒಪ್ಪಲಿಲ್ಲ. ಮನುಷ್ಯ ಕಲಿತು ಆಗುತ್ತಾನೆ, ನಡೆದು ಆಗುತ್ತಾನೆ. ಹಾಗಾದರೆ ಬೌದ್ಧರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಗು ಬೌದ್ಧ ಆಗುವುದಿಲ್ಲ ಎಂಬುದನ್ನೂ ನಾವು ಒಪ್ಪಬೇಕು. ಕಲಿಸಿದರೆ ಮಾತ್ರ ಆಗುತ್ತದೆ. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಳ್ಳದಿದ್ದರೆ ಆ ಚಿಪ್ಪಿನ ಸರ ಒಂದೇ ತಲೆಮಾರಿನಲ್ಲಿ ಕಡಿದುಹೋಗುತ್ತಿತ್ತು.

*6. ಐವತ್ತಮೂರು ದಿನ*

ಈಗ ಮೊದಲಿನ ಮಾತಿಗೆ ಬರೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದು, ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟು, 22 ಪ್ರತಿಜ್ಞೆಗಳನ್ನು ಹೇಳಿಸಿದರು. ಡಿಸೆಂಬರ್ 6ರಂದು ಅವರ ಮಹಾಪರಿನಿರ್ವಾಣವಾಯಿತು. ನಡುವೆ ಇದ್ದದ್ದು 53 ದಿನ. ನಡಿಗೆ ಶುರುವಾದ ಕೂಡಲೇ ಮುಂದಿದ್ದವರು ಇಲ್ಲವಾದರು. ಆ ದಿನ ಅತ್ತ ಜನರ ಕಣ್ಣೀರು ಸುಳ್ಳಲ್ಲ.

ಆದರೆ ಅವರು ನಮ್ಮನ್ನು ದಾರಿಯಿಲ್ಲದೆ ಬಿಟ್ಟುಹೋದರೇ? ಇಲ್ಲ. 'ಬುದ್ಧ ಮತ್ತು ಆತನ ಧಮ್ಮ' 1957ರಲ್ಲಿ, ಅವರು ಹೋದ ಮೇಲೆ ಅಚ್ಚಾಗಿ ಬಂತು. ಕಾಯಿಲೆಯ ದೇಹದಲ್ಲಿ ಕೂತು ನಮಗಾಗಿ ಬರೆದಿಟ್ಟ ದಾರಿಯ ವಿವರ ಅದು. ಯಾವ ತಿರುವಿನಲ್ಲಿ ಏನು ಸಿಗುತ್ತದೆ, ಎಲ್ಲಿ ಎಡವುತ್ತೇವೆ ಎಂಬುದೆಲ್ಲ ಅದರಲ್ಲಿದೆ.

ಬುದ್ಧರೂ ಹೀಗೆಯೇ ಮಾಡಿದರು. ಎಂಬತ್ತರ ವಯಸ್ಸಿನಲ್ಲಿ, ವೈಶಾಲಿಯ ಬಳಿಯ ಬೇಲುವ ಗ್ರಾಮದಲ್ಲಿ ಅವರು ಕಾಯಿಲೆ ಬಿದ್ದು ಎದ್ದಾಗ ಆನಂದ ಅಳುಕಿದ್ದ. ಸಂಘಕ್ಕೆ ಕೊನೆಯ ಮಾತು ಹೇಳದೆ ನೀವು ಹೋಗುವುದಿಲ್ಲ ಎಂಬ ಧೈರ್ಯವಿತ್ತು ಎಂದ. ಬುದ್ಧರು ಹೇಳಿದ್ದರ ಸಾರ ಇದು: ನಾನು ಏನನ್ನೂ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಿಲ್ಲ, ಎಲ್ಲವನ್ನೂ ತೆರೆದು ಹೇಳಿದ್ದೇನೆ, ಇನ್ನು ನಿಮಗೆ ನೀವೇ ದೀಪ, ಧಮ್ಮವೇ ದೀಪ.

ಪಾಳಿಯಲ್ಲಿ *ದೀಪ* ಎಂಬ ಪದಕ್ಕೆ ಎರಡು ಅರ್ಥ. ಒಂದು ಬೆಳಕಿನ ದೀಪ. ಇನ್ನೊಂದು *ದ್ವೀಪ*. ಪ್ರವಾಹ ಏರಿದಾಗ ಕಾಲೂರಿ ನಿಲ್ಲಲು ಸಿಗುವ ಗಟ್ಟಿ ನೆಲ. ಬುದ್ಧರ ಆ ಮಾತನ್ನು ಎರಡೂ ಅರ್ಥದಲ್ಲಿ ಓದಬಹುದು. ನಿಮಗೆ ನೀವೇ ಬೆಳಕಾಗಿ. ನಿಮಗೆ ನೀವೇ ಗಟ್ಟಿ ನೆಲವಾಗಿ. ಸುತ್ತಲೂ ನೀರು ಏರಿದಾಗ ಆ ಪಲವಾ ಅಜ್ಜಿಯರು ತಮ್ಮ ಮಕ್ಕಳಿಗೆ ಅಂಥ ನೆಲವಾಗಿದ್ದರು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದ್ದರು. ರಾಜಕೀಯದಲ್ಲಿ ಭಕ್ತಿ ನಮ್ಮನ್ನು ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಎಂದರು. ಅಂಥವರನ್ನೇ ನಾವು ಬರೀ ಫೋಟೋ ಮಾಡಿ, ಹಾರ ಹಾಕಿ, ಏಪ್ರಿಲ್ 14ಕ್ಕೊಮ್ಮೆ ಜೈಕಾರ ಕೂಗಿ, ಪುಸ್ತಕವನ್ನು ಕಪಾಟಿನಲ್ಲೇ ಬಿಟ್ಟರೆ, ಮಾರ್ಗದಾತರನ್ನು ಮೋಕ್ಷದಾತರನ್ನಾಗಿ ಮಾಡಿದಂತಾಯಿತು. ಹಾರ ಹಾಕುವುದು ತಪ್ಪಲ್ಲ. ಹಾರ ಹಾಕಿದ ಕೈ ಪುಸ್ತಕವನ್ನೂ ತೆರೆಯಬೇಕು. ಗೌರವದಿಂದ ಬಾಗಿದ ತಲೆ ಎದ್ದು ದಾರಿಯನ್ನೂ ನೋಡಬೇಕು.

ಆದ್ದರಿಂದ ಬಾಬಾಸಾಹೇಬರು ಇನ್ನೂ ಹತ್ತು ವರ್ಷ ಇದ್ದಿದ್ದರೆ ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾಗ ಅವರ ನೋವನ್ನು ಗೌರವಿಸಿ. ಆಮೇಲೆ ಮೆಲ್ಲಗೆ ಕೇಳಿ: ಅವರು ಬರೆದಿಟ್ಟ ದಾರಿಯಲ್ಲಿ ನಾವು ಎಷ್ಟು ದೂರ ನಡೆದಿದ್ದೇವೆ?

*ಇಂದಿನ ಅಭ್ಯಾಸ*

🔹 ಸಂಜೆ ಮನೆಯವರೆಲ್ಲ ಕೂತು 'ಬುದ್ಧ ಮತ್ತು ಆತನ ಧಮ್ಮ'ದ ಮೂರನೆಯ ಭಾಗದಲ್ಲಿರುವ ಮಾರ್ಗದಾತ, ಮೋಕ್ಷದಾತ ಪ್ರಸಂಗವನ್ನು ಗಟ್ಟಿಯಾಗಿ ಓದಿ. ಓದು ಬಾರದ ಹಿರಿಯರಿದ್ದರೆ ಮಕ್ಕಳಿಂದ ಓದಿಸಿ ಕೇಳಿಸಿ.

🔹 ತ್ರಿಸರಣ, ಪಂಚಶೀಲ ಹೇಳುವಾಗ ಒಂದೊಂದರ ಅರ್ಥವನ್ನು ಒಂದು ಮಗುವಿಗೆ ನಿಮ್ಮ ಮಾತಿನಲ್ಲಿ ವಿವರಿಸಿ. ಗೊತ್ತಿಲ್ಲದ್ದು ಬಂದರೆ ಬಳಗದಲ್ಲಿ ಕೇಳಿ, ಸಂಕೋಚ ಬೇಡ.

🔹 ನಿಮ್ಮ ಅಜ್ಜಿ, ಅಜ್ಜ, ಅತ್ತೆ, ದೊಡ್ಡಪ್ಪ ಯಾರಾದರೂ ಹಳೆಯ ಕಾಲದ ಹೋರಾಟ, ದೀಕ್ಷೆ, ಕೆಲಸ, ಹಾಡು, ಊರಿನ ಹೆಸರುಗಳನ್ನು ನೆನಪಿಟ್ಟುಕೊಂಡಿದ್ದರೆ ಇವತ್ತೇ ಅರ್ಧ ಗಂಟೆ ಅವರ ಪಕ್ಕದಲ್ಲಿ ಕೂತು ಬರೆದಿಟ್ಟುಕೊಳ್ಳಿ.

🔹 ನಿಮ್ಮನ್ನು ಉದ್ಧಾರ ಮಾಡುತ್ತೇನೆ ಎಂದು ಯಾರಾದರೂ ಬಂದರೆ ಒಂದೇ ಪ್ರಶ್ನೆ ಕೇಳಿ: ನೀವು ದಾರಿ ತೋರಿಸುತ್ತೀರೋ, ನಮ್ಮ ದಾರಿ ಕೇಳುತ್ತೀರೋ?

ಎಲ್ಲರಿಗೂ ಮಂಗಳವಾಗಲಿ. ಎಲ್ಲರ ಹೆಜ್ಜೆ ಗಟ್ಟಿಯಾಗಲಿ.

ಸಾಧು! ಸಾಧು! ಸಾಧು!

☸️ *ನಮೋ ಬುದ್ಧಾಯ* 🙏 *ಜೈ ಭೀಮ್*

_ಓದಿದ ಮೇಲೆ ಧಮ್ಮ ಬಂಧುಗಳಿಗೆ ಕಳುಹಿಸಿ. ನಾಳೆ ಬೆಳಿಗ್ಗೆ ಮತ್ತೆ ಸಿಗೋಣ._